ಮಲೆನಾಡಿನ ಜೌಗು ನೆಲಗಳ ಕರ್ಣಕುಂಡಲಗಳು: ಗುರುತಿಸುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಳೆಗಾಲದಲ್ಲಿ ಸಂಚರಿಸಿದವರು ಕರ್ಣಕುಂಡಲದ ಹೂವನ್ನು ನೋಡದೆ ಇರಲಾರರು. ಗದ್ದೆಯ ಬದು, ರಸ್ತೆಯ ಬದಿಯ ಧರೆ, ನೀರು ಜಿನುಗುವ ಬಂಡೆ, ಬೆಟ್ಟದ ಮೇಲಿನ ಹುಲ್ಲುಗಾವಲು ಇವುಗಳಲ್ಲೆಲ್ಲ ಅದರ ಗುಲಾಬಿ, ನಸುನೇರಿಳೆ ಅಥವಾ ಬಿಳಿಯ ಹೂಗಳು ಕಾಣಸಿಗುತ್ತವೆ. ಕಿವಿಯ ಆಭರಣದಂತೆ ತೆಳುವಾದ ತೊಟ್ಟಿನಿಂದ ತೂಗುವುದರಿಂದ ಕರ್ಣಕುಂಡಲವೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ಭಾದ್ರಪದದ ಗೌರಿಹಬ್ಬದ ವೇಳೆಗೆ ಹೇರಳವಾಗಿ ಅರಳಿರುವುದರಿಂದ ಗೌರಿಹೂವೆಂದೂ ಇದನ್ನು ಕರೆಯುತ್ತಾರೆ. ಆದರೆ ಕರ್ಣಕುಂಡಲವೆಂಬುದು ಒಂದು ಗಿಡವಲ್ಲ, ಹಲವು ಗಿಡಗಳ ಒಂದು ಬಳಗ. ಅವುಗಳಲ್ಲಿ ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ, ಆ ಕೆಲಸವನ್ನು ಗಿಡ ನಿಂತಲ್ಲಿಯೇ ಏಕೆ ಮಾಡಬೇಕು ಎಂಬುದನ್ನು ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ಇತಿಹಾಸವನ್ನು ಬೋಧಿಸುವವರು ಹೂವಿನ ವಿಷಯವನ್ನು ಎತ್ತಿಕೊಂಡುದೇಕೆಂದು ಕೆಲವರು ಆಕ್ಷೇಪಿಸಬಹುದು. ನಾವು ಸಸ್ಯಶಾಸ್ತ್ರಜ್ಞರಲ್ಲ. ಈ ಮೂರು ತಾಲ್ಲೂಕುಗಳ ಶಾಸನಗಳನ್ನೂ ಕೋಟೆಗಳನ್ನೂ ನೋಡುವುದಕ್ಕಾಗಿ ತಿರುಗುತ್ತಿರುವಾಗ ಈ ಹೂಗಳು ನಮ್ಮ ಕಣ್ಣಿಗೆ ಬಿದ್ದುವು. ಅವುಗಳನ್ನು ಗುರುತಿಸಲು ಯತ್ನಿಸಿದಾಗ, ಆಧಾರವನ್ನು ಪರೀಕ್ಷಿಸುವುದರಲ್ಲಿ ನಮ್ಮ ಶಾಸ್ತ್ರಕ್ಕಿರುವ ತೊಡಕುಗಳೇ ಅಲ್ಲಿಯೂ ಇರುವುದು ಕಂಡಿತು. ಆ ಅನುಭವ ಇತರರಿಗೂ ಉಪಯೋಗವಾಗಬಹುದೆಂದು ಇದನ್ನು ಬರೆದಿದ್ದೇವೆ.

೧. ಪ್ರಿಮುಲಾ ಮತ್ತು ಕರ್ಣಕುಂಡಲ

ಎತ್ತರದ ಬೆಟ್ಟಗಳ ಜೌಗು ನೆಲದಲ್ಲಿ ಬೆಳೆಯುವ ಕಾಡುಹೂಗಳೆಂದೊಡನೆ ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಪ್ರಿಮ್‌ರೋಸ್ ಹೂವು ನೆನಪಾಗುವುದು ಸಹಜ. ಪ್ರಿಮುಲಾ ಜಾತಿಗೆ ಸೇರಿದ ಈ ಗಿಡಗಳು ಹಿಮಾಲಯದಲ್ಲಿ ಬಹಳವಾಗಿವೆ. ಜೋಸೆಫ್ ಡಾಲ್ಟನ್ ಹೂಕರ್ ೧೮೪೮ರಿಂದ ಸಿಕ್ಕಿಂ ಪ್ರದೇಶದಲ್ಲಿ ಸಂಚರಿಸಿದಾಗ ಸಂಗ್ರಹಿಸಿದ ಸಸ್ಯಗಳಲ್ಲಿ, ಒದ್ದೆ ಹುಲ್ಲುಗಾವಲುಗಳಲ್ಲಿ ಅರಳುವ ಹಳದಿ ಬಣ್ಣದ ಪ್ರಿಮುಲಾ ಸಿಕ್ಕಿಮೆನ್ಸಿಸ್ ಸಹ ಒಂದು. ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಪ್ರಿಮುಲಾ ತಾನಾಗಿ ಬೆಳೆಯುವುದಿಲ್ಲ. ಆ ಬಗೆಯ ನೆಲದಲ್ಲಿ ಇಲ್ಲಿ ಆ ಸ್ಥಾನವನ್ನು ಪಡೆದಿರುವ ಹೂಗಳಲ್ಲಿ ಕರ್ಣಕುಂಡಲವೇ ಮುಖ್ಯವಾದುದು. ಇದರ ಜಾತಿಯ ಹೆಸರು ಇಂಪೇಷಿಯನ್ಸ್. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ತಾಳ್ಮೆಯಿಲ್ಲದ್ದು ಎಂದರ್ಥ. ಬಲಿತ ಕಾಯಿಯನ್ನು ಮುಟ್ಟಿದೊಡನೆ ಅದರ ಐದು ಹೋಳುಗಳು ಸುರುಳಿಸುತ್ತಿ ಬೀಜಗಳನ್ನು ಸಿಡಿಸುವುದರಿಂದ ಆ ಹೆಸರು ಬಂದಿದೆ.

ಕರ್ಣಕುಂಡಲಗಳಲ್ಲಿ ಒಂದು ಗುಂಪು ಮೇಲ್ನೋಟಕ್ಕೆ ಪ್ರಿಮುಲಾವನ್ನೇ ಹೋಲುತ್ತದೆ. ಅದಕ್ಕೆ ನೆಟ್ಟಗೆ ನಿಲ್ಲುವ ಕಾಂಡವಿಲ್ಲ. ಎಲೆಗಳು ಬುಡದಿಂದಲೇ ಹೊರಟು ಬಂಡೆಗೆ ಅಂಟಿಕೊಂಡಂತಿರುತ್ತವೆ. ಅವುಗಳ ನಡುವಿನಿಂದ ಎಲೆಯಿಲ್ಲದ ಒಂದು ಹೂಗೋಲು ಎದ್ದು ತುದಿಯಲ್ಲಿ ಹೂಗಳನ್ನು ಹೊರುತ್ತದೆ. ಈ ಹೋಲಿಕೆಯಿಂದ ಮೋಸಹೋಗಬಾರದು. ಪ್ರಿಮುಲಾದ ಹೂವಿನ ಐದು ಎಸಳುಗಳು ಬುಡದಲ್ಲಿ ಕೂಡಿ ಕೊಳವೆಯಾಗಿ, ಮೇಲೆ ಸಮವಾಗಿ ಹರಡಿರುತ್ತವೆ. ಕರ್ಣಕುಂಡಲದ ಹೂವಿಗೆ ಎಡ ಬಲಗಳ ಸಮತೆಯಿದೆಯೇ ಹೊರತು ಸುತ್ತಲೂ ಸಮತೆಯಿಲ್ಲ, ಅಲ್ಲದೆ ಅದರ ಹಿಂದೆ ಮಕರಂದ ತುಂಬಿದ ಬಾಲವೊಂದಿದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅಣುಜೀವವಿಜ್ಞಾನದ ಆಧಾರದ ಮೇಲೆ ೨೦೦೯ರಲ್ಲಿ ಪರಿಷ್ಕೃತವಾದ ವರ್ಗೀಕರಣದಂತೆ, ಮಲೆನಾಡಿಗರು ಔಷಧವಾಗಿ ಬಲ್ಲ ವಾಯುವಿಳಂಗದ ಬಳ್ಳಿ ಪ್ರಿಮುಲಾದ ಕುಟುಂಬಕ್ಕೇ ಸೇರುತ್ತದೆ. ನೋಟಕ್ಕೆ ಪ್ರಿಮುಲಾದಂತಿರುವ ಕರ್ಣಕುಂಡಲವು ಬೇರೆ ಕುಟುಂಬದ್ದು. ನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ಬಳ್ಳಿ ಪ್ರಿಮುಲಾದ ದಾಯಾದಿ. ಆದುದರಿಂದ ಮೇಲ್ನೋಟದ ಹೋಲಿಕೆಯಿಂದ ಸಂಬಂಧವನ್ನು ನಿರ್ಣಯಿಸುವಂತಿಲ್ಲ.

೨. ಜೌಗಿನ ಬಗೆಗಳು

ಗಿಡವನ್ನು ಹುಡುಕುವ ಮೊದಲು ನೆಲವನ್ನು ತಿಳಿಯಬೇಕು. ನಮ್ಮ ಮೂರು ತಾಲ್ಲೂಕುಗಳ ಪಶ್ಚಿಮದ ಅಂಚು ಘಟ್ಟದ ನೆತ್ತಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿ ಸಮುದ್ರಮಟ್ಟದಿಂದ ೧,೩೪೩ ಮೀಟರು ಎತ್ತರವಿದೆ. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಮಳೆ ಬೇಗಬೇಗನೆ ಇಳಿಯುತ್ತದೆ. ಹೀಗಾಗಿ ಕೆಲವೇ ಮೈಲಿಗಳ ಅಂತರದಲ್ಲಿ ಜೌಗಿನ ಬಗೆಯೂ ಅದರಲ್ಲಿ ಬೆಳೆಯುವ ಗಿಡಗಳೂ ಬದಲಾಗುತ್ತವೆ. ನಮ್ಮ ಕೆಲಸದ ಅನುಕೂಲಕ್ಕಾಗಿ ಜೌಗು ನೆಲಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಳ್ಳಬಹುದು.

ಮೊದಲನೆಯದು ನೀರು ಜಿನುಗುವ ಅರೆ ಮತ್ತು ಬಂಡೆ. ಕೊಡಚಾದ್ರಿಯ ಮೈ, ಕುಂದಾದ್ರಿಯ ಬಂಡೆ, ಜೋಗದ ಕಣಿವೆಯ ತುಂತುರಿಗೆ ಸಿಕ್ಕುವ ಕಲ್ಲುಗಳು, ಕವಲೇದುರ್ಗ ಮತ್ತು ನಗರದ ಕೋಟೆಗಳ ಪಾಚಿಗಟ್ಟಿದ ಗೋಡೆಗಳು ಈ ಬಗೆಗೆ ಸೇರುತ್ತವೆ. ಇಲ್ಲಿ ಮಣ್ಣು ಬೆರಳ ದಪ್ಪವೂ ಇರುವುದಿಲ್ಲ. ಎರಡನೆಯದು ಬೆಟ್ಟದ ಹುಲ್ಲುಗಾವಲಿನ ಒರತೆ. ಇಳಿಜಾರಿನಲ್ಲಿ ನೀರು ಹೊರಹೊಮ್ಮಿ ಹುಲ್ಲಿನ ಬುಡದಲ್ಲಿ ಕೆಸರಾಗಿ ನಿಂತಿರುತ್ತದೆ. ಮೂರನೆಯದು ಜಂಬಿಟ್ಟಿಗೆಯ ಬಯಲು. ಮಳೆಗಾಲದಲ್ಲಿ ಇದರ ತಗ್ಗುಗಳಲ್ಲಿ ಅಂಗುಲದಷ್ಟು ನೀರು ನಿಲ್ಲುತ್ತದೆ, ಬೇಸಗೆಯಲ್ಲಿ ನೆಲ ಕಾದು ಕಲ್ಲಾಗುತ್ತದೆ. ನಾಲ್ಕನೆಯದು ಮನುಷ್ಯನು ಉಂಟುಮಾಡಿದ ಜೌಗು, ಅಂದರೆ ಗದ್ದೆಯ ಅಂಚು, ಅಡಕೆ ತೋಟದ ಬಸಿಗಾಲುವೆ ಮತ್ತು ರಸ್ತೆಗಾಗಿ ಕಡಿದ ಧರೆ. ಈ ನಾಲ್ಕರಲ್ಲಿ ಯಾವುದರಲ್ಲಿ ಗಿಡ ಸಿಕ್ಕಿತೆಂಬುದನ್ನು ಬರೆದಿಟ್ಟರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ.

ಕಾಲವೂ ಮುಖ್ಯ. ನಮ್ಮ ರೈತರ ಲೆಕ್ಕದಲ್ಲಿ ಹೇಳುವುದಾದರೆ ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಗಿಡಗಳು ಮೊಳೆತು, ಪುಷ್ಯದ ಮಳೆಯಿಂದ ಮುಂದಕ್ಕೆ ಹೂಬಿಡಲು ತೊಡಗುತ್ತವೆ. ಜುಲೈ ಕಡೆಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಪರಿಶೀಲನೆಗೆ ಪ್ರಶಸ್ತ. ಮಳೆ ಹಿಂದೆಗೆದ ಮೇಲೆ ಬಂಡೆಯ ಮೇಲಿನ ಗಿಡ ಕಣ್ಮರೆಯಾಗುತ್ತದೆ.

ಈ ಅಂಶವನ್ನು ಮರೆತರೆ ಚರಿತ್ರೆಯ ಆಧಾರಗಳನ್ನೂ ತಪ್ಪಾಗಿ ಓದುವ ಅಪಾಯವಿದೆ. ಫ್ರಾನ್ಸಿಸ್ ಬುಕಾನನ್ ೧೮೦೧ರಲ್ಲಿ ಈ ಪ್ರಾಂತವನ್ನು ಹಾದುಹೋದನು. ಅವನ ಪ್ರವಾಸಕಥನ ೧೮೦೭ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅವನು ವೈದ್ಯನೂ ಸಸ್ಯಗಳನ್ನು ಚೆನ್ನಾಗಿ ಬಲ್ಲವನೂ ಆಗಿದ್ದನು. ಆದರೆ ಅವನು ಇಕ್ಕೇರಿ, ನಗರಗಳ ಕಡೆ ಬಂದುದು ಮಳೆಗಾಲಕ್ಕೆ ಮುನ್ನ, ಬಂಡೆಗಳು ಒಣಗಿದ್ದ ಕಾಲದಲ್ಲಿ. ಆದುದರಿಂದ ಮಳೆಗಾಲದ ಯಾವುದೇ ಹೂವಿನ ವಿಷಯದಲ್ಲಿ ಅವನ ಮೌನವನ್ನು ಆ ಹೂವು ಇಲ್ಲಿ ಇರಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಗ್ರಹಿಸುವಂತಿಲ್ಲ. ಸಾಕ್ಷಿಯು ಏನು ಹೇಳಿದನೆಂಬುದರ ಜೊತೆಗೆ ಯಾವಾಗ ಅಲ್ಲಿದ್ದನೆಂಬುದನ್ನೂ ಕೇಳಬೇಕು.

೩. ಹೂವಿನ ರಚನೆ

ಕರ್ಣಕುಂಡಲವನ್ನು ಗುರುತಿಸಲು ಹೂವಿನ ಅಂಗಗಳನ್ನು ಸರಿಯಾಗಿ ಎಣಿಸಬೇಕು. ಮೊದಲ ಬಾರಿ ನೋಡುವವರು ಇದಕ್ಕೆ ಮೂರೇ ಎಸಳುಗಳೆಂದು ಎಣಿಸುವುದುಂಟು. ವಾಸ್ತವವಾಗಿ ಎಸಳುಗಳು ಐದು. ಮೇಲಿನ ಎಸಳು ಒಂಟಿಯಾಗಿ ಟೊಪ್ಪಿಗೆಯಂತೆ ನಿಂತಿರುತ್ತದೆ. ಉಳಿದ ನಾಲ್ಕು ಎರಡೆರಡಾಗಿ ಕೂಡಿಕೊಂಡು ಎಡಬಲಗಳಲ್ಲಿ ಒಂದೊಂದು ರೆಕ್ಕೆಯಾಗಿ ಕಾಣುತ್ತವೆ. ರೆಕ್ಕೆಯ ಅಂಚಿನ ಸೀಳನ್ನು ಗಮನಿಸಿದರೆ ಎರಡು ಎಸಳುಗಳ ಗುರುತು ಸಿಗುತ್ತದೆ.

ಹಿಂದಿನ ಬಾಲವನ್ನು ಎಸಳಿನ ಭಾಗವೆಂದು ಭಾವಿಸುವುದು ಇನ್ನೊಂದು ತಪ್ಪು. ಅದು ಹೊರದಳ, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ದಳಗಳಲ್ಲಿ ಒಂದು. ಹೊರದಳಗಳು ಸಾಮಾನ್ಯವಾಗಿ ಮೂರು, ಕೆಲವು ಪ್ರಭೇದಗಳಲ್ಲಿ ಐದು. ಪಕ್ಕದವು ಚಿಕ್ಕವಾಗಿ ಹಸುರಾಗಿರುತ್ತವೆ. ಕೆಳಗಿನದು ಮಾತ್ರ ಬಣ್ಣಗೊಂಡು, ದೋಣಿಯಂತೆಯೋ ಚೀಲದಂತೆಯೋ ತಗ್ಗಾಗಿ, ಹಿಂದಕ್ಕೆ ಬಾಲವಾಗಿ ಚಾಚಿಕೊಂಡಿರುತ್ತದೆ. ಬಾಲದ ತುದಿಯಲ್ಲಿ ಮಕರಂದವಿದೆ. ಬಾಲ ಗಿಡ್ಡವಾಗಿದ್ದರೆ ಜೇನಿನಂಥ ಹುಳುಗಳಿಗೂ, ಉದ್ದವಾಗಿ ಸಣ್ಣಗಿದ್ದರೆ ನೀಳ ನಾಲಗೆಯ ಚಿಟ್ಟೆ ಪತಂಗಗಳಿಗೂ ಅದು ಹೆಚ್ಚು ಅನುಕೂಲ. ಹೀಗೆ ಬಾಲದ ಉದ್ದ ಗಿಡದ ಬಾಳುವೆಗೆ ಸಂಬಂಧಿಸಿದ ಲಕ್ಷಣವಾದುದರಿಂದಲೇ ಗುರುತಿಸುವ ಕೆಲಸದಲ್ಲಿ ಅದಕ್ಕೆ ಬೆಲೆ.

ಕೇಸರಗಳು ಐದು. ಅವುಗಳ ತಲೆಗಳು ಒಂದಕ್ಕೊಂದು ಕೂಡಿ ಅಂಡಕೋಶದ ಮೇಲೆ ಟೋಪಿಯಂತೆ ಕುಳಿತಿರುತ್ತವೆ. ಹೂವರಳಿದ ಮೊದಲ ಹಂತದಲ್ಲಿ ಪರಾಗ ಹೊರಬೀಳುತ್ತದೆ. ಬಳಿಕ ಟೋಪಿ ಇಡಿಯಾಗಿ ಕಳಚಿ ಬಿದ್ದು ಹಸುರು ಬಣ್ಣದ ಅಂಡಕೋಶದ ತುದಿ ಬಯಲಾಗುತ್ತದೆ. ಒಂದೇ ಗಿಡದಲ್ಲಿ ಟೋಪಿಯುಳ್ಳ ಹೂವೂ ಟೋಪಿಯಿಲ್ಲದ ಹೂವೂ ಇರಬಹುದು. ಇವನ್ನು ಎರಡು ಬಗೆಯ ಗಿಡಗಳೆಂದು ಎಣಿಸಬಾರದು.

ಜೌಗು ನೆಲದಲ್ಲಿ ಬಾಲವುಳ್ಳ ಹೂಗಳೆಲ್ಲ ಕರ್ಣಕುಂಡಲಗಳಲ್ಲ ಎಂಬುದನ್ನೂ ನೆನಪಿಡಬೇಕು. ಗದ್ದೆಯಲ್ಲಿಯೂ ಜಂಬಿಟ್ಟಿಗೆಯ ತಗ್ಗುಗಳಲ್ಲಿಯೂ ನೀಲಿಯ ಚಿಕ್ಕ ಹೂಬಿಡುವ ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿ ಗಿಡಕ್ಕೂ ಬಾಲವಿದೆ. ಆದರೆ ಅದರ ಹೂವಿಗೆ ಎರಡು ತುಟಿಗಳು, ಎರಡೇ ಕೇಸರಗಳು. ಎಲೆಗಳು ಕಣ್ಣಿಗೆ ಬೀಳದಷ್ಟು ಸಣ್ಣವು, ಮಣ್ಣಿನಲ್ಲಿ ದಾರದಂಥ ಭಾಗಗಳ ಮೇಲೆ ಹುಳುಹಿಡಿಯುವ ಸಣ್ಣ ಚೀಲಗಳಿವೆ. ಹುಲ್ಲುಗಾವಲಿನ ಕೆಲವು ನೆಲ ಆರ್ಕಿಡ್‌ಗಳಿಗೂ ಬಾಲವುಂಟು. ಅವುಗಳಲ್ಲಿ ಕೇಸರವೂ ಶಲಾಕೆಯೂ ಕೂಡಿ ಒಂದೇ ಕಂಬವಾಗಿರುತ್ತವೆ.

೪. ಮೂರು ಗುಂಪುಗಳು

ಕರ್ಣಕುಂಡಲದ ಪ್ರಭೇದಗಳು ಪ್ರಪಂಚದಲ್ಲಿ ಸಾವಿರಕ್ಕೂ ಹೆಚ್ಚು, ಪಶ್ಚಿಮಘಟ್ಟಗಳಲ್ಲಿ ನೂರನ್ನು ಮೀರಿವೆ. ಇಲ್ಲಿರುವವುಗಳಲ್ಲಿ ಹೆಚ್ಚಿನವು ಪ್ರಪಂಚದ ಬೇರೆಲ್ಲಿಯೂ ತಾವಾಗಿ ಬೆಳೆಯುವುದಿಲ್ಲ. ಅವೆಲ್ಲವನ್ನೂ ವಿವರಿಸುವುದು ಇಲ್ಲಿ ಅಸಾಧ್ಯ. ಆದರೆ ಎಲೆಗಳ ಜೋಡಣೆಯನ್ನು ಮೊದಲು ನೋಡಿದರೆ ನಮ್ಮ ಪ್ರಾಂತದಲ್ಲಿ ಸಾಮಾನ್ಯವಾಗಿ ಸಿಗುವವನ್ನು ಮೂರು ಗುಂಪುಗಳಲ್ಲಿ ಇಡಬಹುದು.

ಮೊದಲನೆಯ ಗುಂಪಿನಲ್ಲಿ ಕಾಂಡವಿದ್ದು ಎಲೆಗಳು ಒಂದರ ಮೇಲೊಂದು ಪರ್ಯಾಯವಾಗಿ ಹೊರಡುತ್ತವೆ. ಇಂಪೇಷಿಯನ್ಸ್ ಬಾಲ್ಸಮಿನಾ ಇದರ ಪರಿಚಿತ ಉದಾಹರಣೆ. ಮನೆಯಂಗಳದಲ್ಲಿ ಬೆಳೆಸುವ ಸುತ್ತು ಹೂವಿನ ಕರ್ಣಕುಂಡಲವೂ ಇದೇ ಪ್ರಭೇದದ್ದು. ಇದರ ಎಲೆ ಉದ್ದವಾಗಿ ಅಂಚಿನಲ್ಲಿ ಗರಗಸದ ಹಲ್ಲುಗಳಿರುತ್ತವೆ. ಹೂಗಳು ಎಲೆಯ ಕಂಕುಳಿನಿಂದ ಒಂದೋ ಎರಡು ಮೂರೋ ಒಟ್ಟಿಗೆ ಹೊರಡುತ್ತವೆ. ನಡುವೆ ಉಬ್ಬಿದ ಕಾಯಿಯ ಮೈಮೇಲೆ ದಟ್ಟವಾದ ರೋಮವಿರುವುದು ಇದರ ಮುಖ್ಯ ಗುರುತು. ಹೂವಿನ ಬಣ್ಣ ನಂಬತಕ್ಕದ್ದಲ್ಲ, ಕಾಯಿಯ ರೋಮವನ್ನು ನಂಬಬಹುದು.

ಎರಡನೆಯ ಗುಂಪಿನಲ್ಲಿ ಎಲೆಗಳು ಎದುರು ಬದುರಾಗಿ ಜೋಡಿಯಾಗಿರುತ್ತವೆ. ಗದ್ದೆಯ ಅಂಚಿನ ಮತ್ತು ಹುಲ್ಲುಗಾವಲಿನ ಸಣ್ಣ ಗಿಡಗಳಲ್ಲಿ ಹಲವು ಈ ಗುಂಪಿನವು. ಇಲ್ಲಿ ಬಾಲವನ್ನು ನೋಡಬೇಕು. ಇಂಪೇಷಿಯನ್ಸ್ ಆಪೊಸಿಟಿಫೋಲಿಯಾ ಎಂಬುದರಲ್ಲಿ ಎಲೆ ಕಿರಿದು, ಬಾಲ ಗಿಡ್ಡ. ಇಂಪೇಷಿಯನ್ಸ್ ಚೈನೆನ್ಸಿಸ್ ಎಂಬುದರಲ್ಲಿಯೂ ಎಲೆ ಕಿರಿದು, ಆದರೆ ಅದಕ್ಕೆ ತೊಟ್ಟಿಲ್ಲ, ಬಾಲ ಉದ್ದವಾಗಿ ಸಣ್ಣಗೆ ಬಾಗಿರುತ್ತದೆ. ಇಂಪೇಷಿಯನ್ಸ್ ಮೈನರ್ ಎಂಬುದರ ಎಲೆ ಇವೆರಡಕ್ಕಿಂತ ಅಗಲ, ಅಂಚು ಹಲ್ಲುಹಲ್ಲಾಗಿದೆ, ಬಾಲ ಸಣ್ಣಗೆ ಬಾಗಿದೆ. ಹಳೆಯ ಗ್ರಂಥಗಳಲ್ಲಿ ಇದನ್ನೇ ಇಂಪೇಷಿಯನ್ಸ್ ಕ್ಲೀನಿಯೈ ಎಂದು ಕರೆದಿದ್ದಾರೆ. ಎರಡು ಹೆಸರುಗಳನ್ನು ಎರಡು ಗಿಡಗಳೆಂದು ಎಣಿಸಿ ಪಟ್ಟಿಯನ್ನು ಬೆಳೆಸಬಾರದು.

ಮೂರನೆಯದು ಮೇಲೆ ಹೇಳಿದ, ಪ್ರಿಮುಲಾವನ್ನು ಹೋಲುವ ಗುಂಪು. ಇಂಪೇಷಿಯನ್ಸ್ ಅಕಾಲಿಸ್ ಇದಕ್ಕೆ ಉದಾಹರಣೆ. ಕಾಂಡವಿಲ್ಲದ್ದು ಎಂಬುದೇ ಅದರ ಹೆಸರಿನ ಅರ್ಥ. ನೀರು ಜಿನುಗುವ ಬಂಡೆಯೂ ಪಾಚಿ ಹಿಡಿದ ಮರದ ಬೊಡ್ಡೆಯೂ ಇದರ ನೆಲೆ. ಹೂವು ಗುಲಾಬಿ, ಬಾಲ ಉದ್ದವಾಗಿ ಬಾಗಿದೆ. ಬುಡದಲ್ಲಿ ಸಣ್ಣ ಗೆಡ್ಡೆಯಿದ್ದು ಬೇಸಗೆಯನ್ನು ಆ ಗೆಡ್ಡೆಯ ರೂಪದಲ್ಲಿ ಕಳೆಯುತ್ತದೆ. ಇಂಪೇಷಿಯನ್ಸ್ ಸ್ಕೇಪಿಫ್ಲೋರಾ ಮೊದಲಾದವೂ ಇದೇ ಗುಂಪಿನವು. ಇವುಗಳೊಳಗಿನ ಭೇದವನ್ನು ರೆಕ್ಕೆಯ ಎಸಳುಗಳನ್ನು ಬಿಡಿಸಿ ನೋಡದೆ ನಿರ್ಣಯಿಸಲಾಗದು. ಆದುದರಿಂದ ಈ ಗುಂಪನ್ನು ಗುರುತಿಸಿದ ಮೇಲೆ ಪ್ರಭೇದದ ಹೆಸರನ್ನು ಬರೆಯಲು ಅವಸರಪಡಬಾರದು.

ಮುಂದಿನ ಪರಿಶೀಲನೆಗೆ ಸಲ್ಡಾನ ಅವರ ಕರ್ನಾಟಕದ ಸಸ್ಯವರ್ಣನೆಯ ಸಂಪುಟಗಳೂ (೧೯೮೪, ೧೯೯೬), ರಾಮಸ್ವಾಮಿ ಮತ್ತು ಸಂಗಡಿಗರು ೨೦೦೧ರಲ್ಲಿ ಹೊರತಂದ ಶಿವಮೊಗ್ಗ ಜಿಲ್ಲೆಯ ಸಸ್ಯವರ್ಣನೆಯೂ ಉಪಯುಕ್ತವಾಗಿವೆ.

೫. ಹೆಸರುಗಳ ತೊಡಕು

ಜನರು ಬಳಸುವ ಹೆಸರುಗಳನ್ನು ಅವಶ್ಯವಾಗಿ ಬರೆದುಕೊಳ್ಳಬೇಕು. ಆದರೆ ಪರೀಕ್ಷಿಸದೆ ಸ್ವೀಕರಿಸಬಾರದು. ಗೌರಿಹೂವೆಂಬ ಹೆಸರನ್ನು ಕೆಂಪು ಹಳದಿ ಬಣ್ಣದ, ಬಳ್ಳಿಯಾಗಿ ಹಬ್ಬುವ ಅಗ್ನಿಶಿಖೆಗೂ ಹೇಳುವುದುಂಟು. ಕೆಳದಿಯ ಅರಸರಲ್ಲಿ ಸೋಮಶೇಖರ ನಾಯಕರೆಂಬವರು ಇಬ್ಬರು. ಶಾಸನದಲ್ಲಿ ಆ ಹೆಸರು ಕಂಡೊಡನೆ ತಿಥಿ ಸಂವತ್ಸರಗಳನ್ನು ನೋಡಿ ಯಾವ ಸೋಮಶೇಖರನೆಂದು ನಿರ್ಣಯಿಸುತ್ತೇವೆ. ಹೂವಿನ ವಿಷಯದಲ್ಲಿಯೂ ಅದೇ ಕ್ರಮ. ಶಾಸ್ತ್ರೀಯ ನಾಮಗಳೂ ಈ ದೋಷದಿಂದ ಮುಕ್ತವಲ್ಲ. ಚೀನದ ಹೆಸರನ್ನು ಹೊತ್ತ ಚೈನೆನ್ಸಿಸ್ ನಮ್ಮ ಕೆಸರಿನಲ್ಲಿಯೂ ಅಷ್ಟೇ ಸಹಜವಾಗಿ ಬೆಳೆಯುತ್ತದೆ.

ಆದರೂ ಸ್ಥಳೀಯರ ತಿಳಿವಳಿಕೆ ನಮ್ಮ ತಪ್ಪನ್ನು ತಿದ್ದಿದ ಸಂದರ್ಭವುಂಟು. ನಗರದ ಸಮೀಪದ ಒಂದು ಹಳ್ಳಿಯಲ್ಲಿ ಗದ್ದೆಯಂಚಿನ ಎಳೆಯ ಗಿಡವೊಂದನ್ನು ನಾವು ಬಂಡೆಯ ಮೇಲಿನ ಗುಂಪಿಗೆ ಸೇರಿಸಿ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದೆವು. ನೆಟ್ಟಿ ಮುಗಿಸಿ ಬರುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ನಿಂತು ಕೇಳಿ, “ಅದಲ್ಲ ಮೇಷ್ಟ್ರೇ, ಅರೆ ಮೇಲಿಂದಕ್ಕೆ ಕಾಂಡಾನೇ ಇಲ್ಲ. ಇದು ಇನ್ನೂ ಎದ್ದಿಲ್ಲ ಅಷ್ಟೆ, ಹದಿನೈದು ದಿನ ಬಿಟ್ಟು ಬನ್ನಿ” ಎಂದರು. ಹದಿನೈದು ದಿನಗಳ ಮೇಲೆ ಹೋದಾಗ ಗಿಡಕ್ಕೆ ಗೇಣುದ್ದದ ಕಾಂಡ ಬಂದಿತ್ತು. ಅವರು ಗಿಡಗಳನ್ನು ನೆಲೆಯಿಂದಲೂ ಬೆಳವಣಿಗೆಯಿಂದಲೂ ವಿಂಗಡಿಸುತ್ತಿದ್ದರು. ನಾವು ಒಂದು ದಿನದ ನೋಟವನ್ನೇ ಸಾಕೆಂದುಕೊಂಡಿದ್ದೆವು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗ್ರಂಥಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಎಲ್ಲರೂ ಬಲ್ಲ ಸಂಗತಿ. ಗಿಡವನ್ನು ಅದು ಇರುವಲ್ಲಿಗೆ ಹೋಗಿ ನೋಡುವ ಅಭ್ಯಾಸಕ್ಕೆ ಕನ್ನಡದಲ್ಲಿ ಅಷ್ಟು ಒಳ್ಳೆಯ ಮೇಲ್ಪಂಕ್ತಿ ಇರುವಾಗ ನಾವು ಅದನ್ನು ಬಿಟ್ಟಿರಬಾರದು.

೬. ಒಣಗಿದ ಹೂವಿನ ಸಾಕ್ಷ್ಯ

ಇನ್ನು ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಸಸ್ಯಶಾಸ್ತ್ರಜ್ಞರು ಗಿಡಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಹರ್ಬೇರಿಯಂನಲ್ಲಿ ಇಡುವುದು ವಾಡಿಕೆ. ಬಹುಪಾಲು ಗಿಡಗಳಿಗೆ ಈ ಕ್ರಮ ಸಾಕು. ಕರ್ಣಕುಂಡಲಕ್ಕೆ ಸಾಲದು. ಅದರ ಕಾಂಡ ನೀರಿನಿಂದ ತುಂಬಿದ್ದು, ಹೂವಿನ ಭಾಗಗಳು ಅತಿ ತೆಳುವಾದವು. ಒತ್ತಿದೊಡನೆ ಅವು ಒಂದಕ್ಕೊಂದು ಅಂಟಿ ಕಂದುಬಣ್ಣದ ಕಲೆಯಾಗುತ್ತವೆ. ರೆಕ್ಕೆಯ ಸೀಳು, ಕೆಳಗಿನ ಹೊರದಳದ ಆಳ, ಬಾಲದ ಬಾಗು ಎಂಬ ಯಾವ ಲಕ್ಷಣಗಳಿಂದ ಪ್ರಭೇದವನ್ನು ತಿಳಿಯಬೇಕೋ ಅವೇ ಮೊದಲು ನಾಶವಾಗುತ್ತವೆ.

ಮೇಲೆ ಹೇಳಿದ ಹೂಕರನೇ ಇದಕ್ಕೆ ಸಾಕ್ಷಿ. ಏಳು ಸಂಪುಟಗಳ ಬ್ರಿಟಿಷ್ ಇಂಡಿಯಾ ಸಸ್ಯವರ್ಣನೆಯನ್ನು ೧೮೭೨ರಿಂದ ೧೮೯೭ರವರೆಗೆ ಹೊರತಂದ ಆ ವಿದ್ವಾಂಸನು ತನ್ನ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಕರ್ಣಕುಂಡಲಗಳಿಗೇ ಮೀಸಲಾಗಿಟ್ಟನು. ಒಣಗಿದ ಹೂಗಳನ್ನು ನೀರಿನಲ್ಲಿ ನೆನೆಸಿ, ಭಾಗಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುತ್ತಿದ್ದನು. ಭಾರತದ ಪ್ರಭೇದಗಳ ಸಂಗ್ರಹವರ್ಣನೆಯನ್ನು ೧೯೦೪ರಿಂದ ೧೯೦೬ರವರೆಗೆ ಪ್ರಕಟಿಸಿದನು. ೧೯೧೧ರಲ್ಲಿ, ೯೪ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸ ಅವನನ್ನು ಬಿಡಲಿಲ್ಲ.

ಅದೇ ೧೯೦೪ರಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವನ್ನು ಪ್ರಕಟಿಸಿದರು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ಎರಡು ಗ್ರಂಥಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ವ್ಯತ್ಯಾಸ ಹೊಳೆಯುತ್ತದೆ. ರೈಸ್ ಅವರ ಪಾಠದಲ್ಲಿ ಸಂಶಯ ಬಂದರೆ ಕಲ್ಲಿನ ಬಳಿಗೆ ಹೋಗಿ ಮತ್ತೆ ಓದಬಹುದು. ಕಲ್ಲು ನಿಂತಲ್ಲಿ ನಿಂತಿದೆ. ಹೂಕರನ ಮುಂದಿದ್ದ ಹೂವನ್ನು ಮತ್ತೆ ನೋಡಬೇಕಾದರೆ ಹಾಳೆಯ ಮೇಲಿನ ಕಲೆ ಸಾಲದು, ಆ ಗಿಡ ಬೆಳೆದ ಜೌಗಿಗೇ ಮಳೆಗಾಲದಲ್ಲಿ ಹೋಗಬೇಕು. ಶಾಸನವು ಉಳಿಯುವ ಸಾಕ್ಷ್ಯ. ಕರ್ಣಕುಂಡಲವು ಪ್ರತಿ ವರ್ಷ ಮರಳಿ ಬರುವ ಸಾಕ್ಷ್ಯ. ಅದು ಮರಳಿ ಬರಬೇಕಾದರೆ ನೆಲ ಉಳಿದಿರಬೇಕು.

ನಮ್ಮದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳುವುದು ಯುಕ್ತ. ಈ ಕೆಲಸಕ್ಕೆ ತೊಡಗಿದ ಮೊದಲ ವರ್ಷ ಕೊಡಚಾದ್ರಿಯ ಕಡೆಯ ಒಂದು ಧರೆಯಲ್ಲಿ ನಮಗೆ ಪರಿಚಯವಿಲ್ಲದ ಗಿಡವೊಂದು ಸಿಕ್ಕಿತು. ಎದುರು ಬದುರು ಎಲೆಗಳು, ಬಿಳಿಯ ಹೂವು. ಅದನ್ನು ತಂದು ದಪ್ಪ ಪುಸ್ತಕಗಳ ಕೆಳಗೆ ಒತ್ತಿಟ್ಟೆವು. ಚೀಟಿಯಲ್ಲಿ ‘ಒದ್ದೆ ಜಾಗ, ನಗರದ ಹತ್ತಿರ’ ಎಂದಷ್ಟೇ ಬರೆದಿದ್ದೆವು. ಹತ್ತು ದಿನಗಳ ಮೇಲೆ ತೆಗೆದು ನೋಡಿದಾಗ ಬಾಲ ಉದ್ದವೋ ಗಿಡ್ಡವೋ ಹೇಳುವಂತಿರಲಿಲ್ಲ. ಮರುವರ್ಷ ಶ್ರಾವಣದಲ್ಲಿ ಹುಡುಕಿಕೊಂಡು ಹೋದೆವು. ರಸ್ತೆಯನ್ನು ಅಗಲಗೊಳಿಸಲು ಧರೆಯನ್ನು ಕಡಿದಿದ್ದರು. ಆ ಹಾಳೆ ಇಂದಿಗೂ ನಮ್ಮ ಕಪಾಟಿನಲ್ಲಿ ಹೆಸರಿಲ್ಲದೆ ಇದ್ದುಕೊಂಡಿದೆ. ಅದು ಎಲ್ಲೆಡೆ ಸಿಗುವ ಗಿಡದ ಬಿಳಿಯ ಬಗೆಯೇ ಆಗಿದ್ದಿರಬಹುದು. ಆದರೆ ಹಾಗೆಂದು ಹೇಳುವ ಅಧಿಕಾರವನ್ನು ನಮ್ಮ ಅಜಾಗರೂಕತೆಯಿಂದ ನಾವು ಕಳೆದುಕೊಂಡೆವು.

೭. ಏನು ಮಾಡತಕ್ಕದ್ದು

ಮೇಲ್ಕಂಡ ಅನುಭವದಿಂದ ನಾವು ಅನುಸರಿಸುತ್ತಿರುವ ಕ್ರಮ ಹೀಗಿದೆ. ಗಿಡ ಕಂಡಲ್ಲಿಯೇ ನಿಂತು ಮೊದಲು ನೆಲೆಯನ್ನು ಬರೆಯಬೇಕು. ಹಳ್ಳಿ, ಹಳ್ಳ, ಬಂಡೆ, ಹತ್ತಿರದ ದೊಡ್ಡ ಮರ ಇವುಗಳನ್ನು ಹೆಸರಿಸಬೇಕು. ಹಳೆಯ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹಳ್ಳ, ಕಲ್ಲು, ಮರಗಳಿಂದಲೇ ಹೇಳಿರುವುದು ವಿದ್ಯಾರ್ಥಿಗಳಿಗೆ ಗೊತ್ತಿದೆ. ಆ ಕ್ರಮ ಇಲ್ಲಿಯೂ ಸಲ್ಲುತ್ತದೆ. ಅನಂತರ ಜೌಗಿನ ಬಗೆ, ದಿನಾಂಕ, ಎಲೆಗಳ ಜೋಡಣೆ. ಬಳಿಕ ಹೂವನ್ನು ಮುಂದಿನಿಂದಲೂ ಪಕ್ಕದಿಂದಲೂ ಛಾಯಾಚಿತ್ರ ತೆಗೆಯಬೇಕು. ಬಾಲವು ಕಾಣುವಂತೆ ಪಕ್ಕದ ಚಿತ್ರ ಇರಲೇಬೇಕು. ಚಿತ್ರದಲ್ಲಿ ಒಂದು ಅಳತೆಪಟ್ಟಿ ಇರಲಿ.

ಗಿಡವನ್ನು ಕೀಳಬೇಕಾದ ಅಗತ್ಯವಿಲ್ಲ. ಒಂದೇ ಒಂದು ಹೂವನ್ನು ಬಿಡಿಸಿ ಹೊರದಳ, ಟೊಪ್ಪಿಗೆಯ ಎಸಳು, ರೆಕ್ಕೆ ಇವನ್ನು ಹಸಿಯಾಗಿರುವಾಗಲೇ ಬೇರೆಬೇರೆಯಾಗಿ ಕಾಗದದ ಮೇಲೆ ಹರಡಿ ರೇಖಾಚಿತ್ರ ಬರೆದುಕೊಂಡರೆ ಸಾಕು. ಇನ್ನೊಂದು ಹೂವನ್ನು ಮದ್ಯಸಾರದಲ್ಲಿ ಇಟ್ಟುಕೊಳ್ಳಬಹುದು. ಬಂಡೆಯ ಮೇಲಿನ ಗಿಡವನ್ನು ಗೆಡ್ಡೆಸಹಿತ ಎಬ್ಬಿಸಿದರೆ ಮರುವರ್ಷ ಅಲ್ಲಿ ಅದು ಇರುವುದಿಲ್ಲ. ಗದ್ದೆಯಂಚಿನ ಗಿಡಗಳಾದರೋ ಬೀಜದಿಂದಲೇ ಮರಳಿ ಬರಬೇಕಾದುದರಿಂದ, ಕಾಯಿ ಬಲಿಯುವ ಮೊದಲು ಕೀಳುವುದು ಅವಕ್ಕೂ ಹಾನಿಯೇ. ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮಕ್ಕೆ ಸೇರಿದೆ. ಅಲ್ಲಿಯೂ ಶರಾವತಿ ಕಣಿವೆಯ ಅಭಯಾರಣ್ಯದಲ್ಲಿಯೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಸಂಗ್ರಹಿಸಬಾರದು. ಕೊನೆಯದಾಗಿ, ಒಮ್ಮೆ ನೋಡಿದ ಗಿಡವನ್ನು ಕಾಯಿಯಾದಾಗ ಇನ್ನೊಮ್ಮೆ ನೋಡಬೇಕು. ಪ್ರಭೇದ ನಿರ್ಣಯವಾಗದಿದ್ದರೆ ಗುಂಪಿನ ಹೆಸರನ್ನು ಮಾತ್ರ ಬರೆದು ನಿಲ್ಲಿಸಬೇಕು. ತಪ್ಪು ಹೆಸರಿಗಿಂತ ಅಪೂರ್ಣವಾದ ಹೆಸರು ಮೇಲು.

ಈ ಕೆಲಸದಲ್ಲಿ ವಿಳಂಬವೇಕೆ ಸಲ್ಲದೆಂಬುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ೩೦೦ ಚದರ ಕಿಲೋಮೀಟರಿಗೂ ಮಿಕ್ಕ ನೆಲ ನೀರಿನಡಿಯಾಯಿತು. ಅಲ್ಲಿನ ಗದ್ದೆಯಂಚುಗಳಲ್ಲಿಯೂ ಹಳ್ಳದ ಬಂಡೆಗಳಲ್ಲಿಯೂ ಅರಳುತ್ತಿದ್ದುದನ್ನು ಈಗ ಹೋಗಿ ನೋಡುವಂತಿಲ್ಲ. ಮುಂದಿನ ದಶಕಗಳಲ್ಲಿ ಬ್ಯಾಣಗಳಲ್ಲಿಯೂ ಬೋಳು ಗುಡ್ಡಗಳಲ್ಲಿಯೂ ಅಕೇಶಿಯಾ ನೆಡುತೋಪುಗಳೆದ್ದುವು. ಗದ್ದೆಗಳು ಅಡಕೆ ತೋಟಗಳಾದುವು. ರಸ್ತೆಗಳು ಅಗಲವಾದುವು. ಇವುಗಳ ಸಾಧಕ ಬಾಧಕಗಳನ್ನು ಚರ್ಚಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಆದರೆ ಒಂದು ಜೌಗು ಇಲ್ಲವಾಗುವ ಮೊದಲು ಅದರಲ್ಲಿ ಏನಿತ್ತೆಂಬುದನ್ನು ಯಾರೂ ಬರೆದಿಡದಿದ್ದರೆ, ಏನು ಹೋಯಿತೆಂಬುದನ್ನು ಮುಂದೆ ಯಾರೂ ಹೇಳಲಾರರು. ಆಧಾರವಿಲ್ಲದ ನಷ್ಟವನ್ನು ಇತಿಹಾಸವು ದಾಖಲಿಸಲಾರದು.

ಪ್ರತಿಯೊಂದು ಕಾಲೇಜಿನ ಸುತ್ತ ಎರಡು ಮೂರು ಮೈಲಿಗಳೊಳಗೆ ಇಂಥ ಒಂದು ಒದ್ದೆ ನೆಲವಾದರೂ ಇದ್ದೇ ಇರುತ್ತದೆ. ಅದನ್ನು ಒಂದು ವರ್ಷ ಪುಷ್ಯದ ಮಳೆಯಿಂದ ಹಸ್ತದ ಮಳೆಯವರೆಗೆ ಹದಿನೈದು ದಿನಕ್ಕೊಮ್ಮೆ ನೋಡಿ ಬರೆದಿಡುವುದು ವಿದ್ಯಾರ್ಥಿಗಳ ಶಕ್ತಿಗೆ ಮೀರಿದ್ದಲ್ಲ. ಇತಿಹಾಸದ ವಿದ್ಯಾರ್ಥಿಗಳೂ ಸಸ್ಯಶಾಸ್ತ್ರದ ವಿದ್ಯಾರ್ಥಿಗಳೂ ಕೂಡಿ ಮಾಡಿದರೆ ಇನ್ನೂ ಮೇಲು. ಮುಂದಿನ ಮಳೆಗಾಲದಲ್ಲಿ ಹಾಗೆ ಹೊರಡುವವರು ಕೊಡೆ, ಅಳತೆಪಟ್ಟಿ, ನೀರಿಗೆ ಅಳಿಯದ ಪೆನ್ಸಿಲು ಇಷ್ಟನ್ನು ಮರೆಯದಿರಲಿ. ಉಂಬಳಗಳಿಗಾಗಿ ಸ್ವಲ್ಪ ಉಪ್ಪನ್ನೂ ಒಯ್ಯಲಿ.